ಇತ್ಸಿಂಗನ ಆರು ತಿಂಗಳು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಆ ಹುಡುಗಿ ವಿದ್ಯಾರ್ಥಿ ವಿನಿಮಯ ಯೋಜನೆಯ ಅಡಿಯಲ್ಲಿ ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೊರಟಿದ್ದಾಳೆ. ಹಿರಿಯರ ಆಶೀರ್ವಾದ ಪಡೆದು ಹೋಗಬೇಕೆಂದು ಅವರ ಮನೆಯಲ್ಲಿ ಹೇಳಿದ್ದರಂತೆ. ನಮಸ್ಕಾರ, ಕಾಫಿ ಎಲ್ಲ ಮುಗಿದ ಮೇಲೆ ಆಕೆ ಚೀಲದಿಂದ ಒಂದು ಪಟ್ಟಿಯನ್ನು ತೆಗೆದಳು. ಪಾಸ್‌ಪೋರ್ಟ್, ವೀಸಾ, ಆರೋಗ್ಯ ವಿಮೆ, ದೃಢೀಕರಿಸಿದ ಅಂಕಪಟ್ಟಿಗಳು, ಬ್ಯಾಂಕಿನ ಕಾಗದ, ಉಣ್ಣೆಯ ಬಟ್ಟೆ, ಸಣ್ಣ ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ ಎಂದು ನಲವತ್ತಕ್ಕೂ ಹೆಚ್ಚು ಬಾಬುಗಳು ಅದರಲ್ಲಿದ್ದವು. ಒಂದೊಂದರ ಮುಂದೆಯೂ ಗುರುತು ಹಾಕಿಕೊಂಡಿದ್ದಳು.

"ಇನ್ನೇನಾದ್ರೂ ಬಿಟ್ಟಿದೀನಾ ನೋಡಿ ತಾತ" ಎಂದಳು.

ನಾನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. "ಭಾಷೆ ಎಲ್ಲಮ್ಮಾ?" ಎಂದು ಕೇಳಿದೆ.

"ಪಾಠ ಎಲ್ಲಾ ಇಂಗ್ಲಿಷ್‌ನಲ್ಲೇ ತಾತ. ಜರ್ಮನ್ ಬರದಿದ್ರೂ ನಡೆಯುತ್ತೆ ಅಂತ ಸೀನಿಯರ್ಸ್ ಹೇಳಿದಾರೆ."

ಅವಳು ಹೇಳಿದ್ದು ಸುಳ್ಳಲ್ಲ. ಆದರೂ ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಆ ಅಸಮಾಧಾನಕ್ಕೆ ಎರಡು ಕಾರಣಗಳಿವೆ. ಒಂದು, ಸಾವಿರದ ಮುನ್ನೂರೈವತ್ತು ವರ್ಷಗಳ ಹಿಂದೆ ಚೀನದಿಂದ ನಮ್ಮ ದೇಶಕ್ಕೆ ಓದಲು ಬಂದ ಒಬ್ಬ ಭಿಕ್ಷು. ಇನ್ನೊಂದು, ನಾನೇ ಒಮ್ಮೆ ಬರೆದುಕೊಟ್ಟ ಒಂದು ಶಿಫಾರಸು ಪತ್ರ. ಎರಡನ್ನೂ ಇಲ್ಲಿ ಬರೆದಿಡುತ್ತೇನೆ. ಮಕ್ಕಳನ್ನು, ಮೊಮ್ಮಕ್ಕಳನ್ನು ಹೊರದೇಶಕ್ಕೆ ಓದಲು ಕಳುಹಿಸುವವರು ನಿಮ್ಮಲ್ಲಿ ಅನೇಕರಿದ್ದೀರಿ.

ನನ್ನ ತರಗತಿಯಲ್ಲಿ ಕುಳಿತವರಿಗೆ ಆ ಪಾಠ ನೆನಪಿರಬಹುದು. ಪ್ರಾಚೀನ ಭಾರತಕ್ಕೆ ಬಂದ ವಿದೇಶೀ ಯಾತ್ರಿಕರನ್ನು ಹೆಸರಿಸಿ ಎಂದರೆ ಎಲ್ಲರೂ ಫಾಹಿಯಾನ್, ಹ್ಯೂಯೆನ್‌ತ್ಸಾಂಗ್ ಎಂದು ಬರೆದು ನಿಲ್ಲಿಸುತ್ತಿದ್ದರು. ಮೂರನೆಯವನಾದ ಇತ್ಸಿಂಗನು "ಮೊದಲಾದವರು" ಎಂಬ ಪದದಲ್ಲಿ ಅಡಗಿಹೋಗುತ್ತಿದ್ದನು. ಹ್ಯೂಯೆನ್‌ತ್ಸಾಂಗನಿಗೆ ಒಂದು ಪೂರ್ತಿ ಪೀರಿಯಡ್ಡನ್ನೇ ಮೀಸಲಿಟ್ಟು, ಪುಲಕೇಶಿಯ ಬಗ್ಗೆ ಅವನು ಬರೆದುದನ್ನು ಅಭಿಮಾನದಿಂದ ವಿವರಿಸುತ್ತಿದ್ದ ನಾನೂ ಇತ್ಸಿಂಗನಿಗೆ ಕೊಡುತ್ತಿದ್ದುದು ಒಂದೇ ಒಂದು ವಾಕ್ಯ. ನಿವೃತ್ತಿಯ ನಂತರ ಬಿಡುವಾಗಿ ಅವನ ಗ್ರಂಥವನ್ನು ಓದಿದಾಗ, ಇಷ್ಟು ವರ್ಷ ಎಂಥ ಮನುಷ್ಯನನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟೆನಲ್ಲಾ ಎನಿಸಿತು.

ನಾನು ಓದಿದ ಇಂಗ್ಲಿಷ್ ಅನುವಾದವು 1896ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಕಟವಾದುದು. ಅನುವಾದಕ ಜೂನ್‌ಜಿರೋ ತಕಾಕುಸು, ಜಪಾನಿನಿಂದ ಆಕ್ಸ್‌ಫರ್ಡಿಗೆ ಬಂದು ಮ್ಯಾಕ್ಸ್ ಮುಲ್ಲರರಲ್ಲಿ ಸಂಸ್ಕೃತ ಕಲಿತವರು. ಪರದೇಶಕ್ಕೆ ಓದಲು ಹೋದ ಒಬ್ಬ ವಿದ್ಯಾರ್ಥಿಯ ಪುಸ್ತಕವನ್ನು ಪರದೇಶಕ್ಕೆ ಓದಲು ಹೋದ ಇನ್ನೊಬ್ಬ ವಿದ್ಯಾರ್ಥಿಯೇ ಲೋಕಕ್ಕೆ ಪರಿಚಯಿಸಿದನು ಎನ್ನಬಹುದು.

ಇತ್ಸಿಂಗನು ಹುಟ್ಟಿದ್ದು ಕ್ರಿ.ಶ. 635ರಲ್ಲಿ. ನಮ್ಮ ಐಹೊಳೆಯ ಮೇಗುಟಿ ಜಿನಾಲಯದಲ್ಲಿ ರವಿಕೀರ್ತಿಯ ಶಾಸನ ಕೆತ್ತಲ್ಪಟ್ಟದ್ದು ಶಕ ವರ್ಷ 556ರಲ್ಲಿ, ಅಂದರೆ 634-35ರಲ್ಲಿ. ಕಾಲವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲು ಇಷ್ಟು ಸಾಕು. ಹ್ಯೂಯೆನ್‌ತ್ಸಾಂಗನು 645ರಲ್ಲಿ 657 ಗ್ರಂಥಗಳೊಂದಿಗೆ ಚೀನದ ರಾಜಧಾನಿಗೆ ಹಿಂತಿರುಗಿದಾಗ ಇತ್ಸಿಂಗ್ ಹತ್ತು ವರ್ಷದ ಹುಡುಗ. ಹದಿನೆಂಟರ ವಯಸ್ಸಿನಲ್ಲೇ ತಾನೂ ಭಾರತಕ್ಕೆ ಹೋಗಬೇಕೆಂಬ ಆಸೆ ಅವನಲ್ಲಿ ಹುಟ್ಟಿತು. ಅದು ಈಡೇರಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ನಡುವಿನ ವರ್ಷಗಳನ್ನು ಅವನು ವಿನಯಪಿಟಕದ, ಅಂದರೆ ಭಿಕ್ಷುಗಳ ಆಚಾರನಿಯಮಗಳ ಅಧ್ಯಯನದಲ್ಲಿ ಕಳೆದನು. ಏನನ್ನು ತಿಳಿಯಲು ಹೋಗುತ್ತಿದ್ದೇನೆ ಎಂಬುದು ಹೊರಡುವ ಮೊದಲೇ ಅವನಿಗೆ ಸ್ಪಷ್ಟವಾಗಿತ್ತು. ಚೀನದ ವಿಹಾರಗಳಲ್ಲಿ ನಡೆಯುತ್ತಿದ್ದ ಆಚಾರಗಳು ಮೂಲದಲ್ಲಿ ಹೇಗಿವೆ, ಭಾರತದ ಭಿಕ್ಷುಗಳು ಹೇಗೆ ಉಣ್ಣುತ್ತಾರೆ, ಹೇಗೆ ಉಡುತ್ತಾರೆ, ಗುರುವಿನ ಮುಂದೆ ಹೇಗೆ ನಿಲ್ಲುತ್ತಾರೆ ಎಂಬುದನ್ನು ಕಣ್ಣಾರೆ ನೋಡುವುದೇ ಅವನ ಉದ್ದೇಶವಾಗಿತ್ತು.

ಹೊರಡುವಾಗಿನ ಪ್ರಸಂಗಗಳನ್ನು ಅವನೇ ಬರೆದಿದ್ದಾನೆ. ಅವನಿಗೆ ಇಬ್ಬರು ಗುರುಗಳು. ಹಿರಿಯರಾದ ಶಾನ್‌ಯು ಅವನ ಹನ್ನೆರಡನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಇತ್ಸಿಂಗ್ ಅವರ ಸಮಾಧಿಗೆ ಹೋಗಿ ನಮಸ್ಕರಿಸಿ ಬೀಳ್ಕೊಂಡನು. ಇನ್ನೊಬ್ಬ ಗುರು ಹುಯಿಷಿ ಆಗ ವೃದ್ಧರು. ಅವರನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸು ಒಪ್ಪದು. ಅನುಮತಿ ಕೇಳಿದಾಗ ಅವರು, ಇಂಥ ಅವಕಾಶ ಎರಡನೆಯ ಸಲ ಬಾರದು, ನನ್ನ ಚಿಂತೆ ಬಿಡು, ಹೊರಟ ಮೇಲೆ ಹಿಂತಿರುಗಿ ನೋಡಬೇಡ ಎಂಬರ್ಥದ ಮಾತುಗಳನ್ನಾಡಿ ಹರಸಿದರು. ಹೋಗುವ ಶಿಷ್ಯನ ತಯಾರಿಯಲ್ಲಿ ಉಳಿಯುವ ಗುರುವಿನ ತಯಾರಿಯೂ ಸೇರಿರುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ.

ಮೊದಲು ಅವನೊಂದಿಗೆ ಹೊರಡಲು ಸಂಕಲ್ಪ ಮಾಡಿದವರು ಹಲವರಿದ್ದರು. ಒಬ್ಬನಿಗೆ ತಾಯಿಯ ವೃದ್ಧಾಪ್ಯ ಅಡ್ಡಬಂತು. ಇನ್ನೊಬ್ಬನ ಮನಸ್ಸು ದಾರಿಯಲ್ಲೇ ಬೇರೆ ಕಡೆಗೆ ತಿರುಗಿತು. ಕೊನೆಗೆ ಜೊತೆಯಲ್ಲಿ ಉಳಿದವನು ಶಾನ್‌ಶಿಂಗ್ ಎಂಬ ಕಿರಿಯ ಭಿಕ್ಷು ಒಬ್ಬನೇ. 671ರಲ್ಲಿ, ನಮ್ಮಲ್ಲಿ ಬಾದಾಮಿಯ ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ, ಇತ್ಸಿಂಗನು ದಕ್ಷಿಣ ಚೀನದ ಗುವಾಂಗ್‌ಝೌ ಬಂದರಿಗೆ ಬಂದು ಪಾರಸಿ ಹಡಗಿನ ಒಡೆಯನೊಬ್ಬನೊಂದಿಗೆ ಪ್ರಯಾಣವನ್ನು ನಿಶ್ಚಯಿಸಿಕೊಂಡನು. ಖರ್ಚಿಗೆ ಏನು ಮಾಡಿದನು? ಫೆಂಗ್ ಎಂಬ ಮನೆತನದ ಅಧಿಕಾರಿಯೊಬ್ಬನ ಪರಿಚಯವಾಗಿತ್ತು. ಆ ಅಧಿಕಾರಿ, ಅವನ ಸೋದರರು, ಮನೆಯ ಹೆಂಗಸರು ಎಲ್ಲರೂ ತಮ್ಮ ಕೈಲಾದುದನ್ನು ಕೊಟ್ಟರು. ಸಮುದ್ರದಲ್ಲಿ ಯಾವುದಕ್ಕೂ ಕೊರತೆಯಾಗದಂತೆ ತಂದೆತಾಯಿಗಳಷ್ಟೇ ಅಕ್ಕರೆಯಿಂದ ಅವರು ನೋಡಿಕೊಂಡರೆಂದು ಅವನು ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ನಮ್ಮ ಊರುಗಳಲ್ಲಿ ಹುಡುಗನೊಬ್ಬ ಓದಲು ಹೊರಟಾಗ ದೊಡ್ಡಪ್ಪ, ಸೋದರಮಾವ, ಅತ್ತೆಯಂದಿರೆಲ್ಲ ಸೇರಿ ದುಡ್ಡು ಹೊಂದಿಸುತ್ತಿದ್ದುದು ನಿಮಗೆ ಗೊತ್ತೇ ಇದೆ.

ಇಪ್ಪತ್ತು ದಿನಕ್ಕೂ ಕಡಿಮೆ ಅವಧಿಯಲ್ಲಿ ಹಡಗು ಶ್ರೀವಿಜಯವನ್ನು ಮುಟ್ಟಿತು. ಇಂದಿನ ಇಂಡೊನೇಷ್ಯದ ಸುಮಾತ್ರಾ ದ್ವೀಪದಲ್ಲಿರುವ ಪಾಲೆಂಬಾಂಗ್ ನಗರವೇ ಆ ಸ್ಥಳ. ಹೀಗೊಂದು ರಾಜ್ಯವಿತ್ತೆಂಬುದೇ ಬಹುಕಾಲ ಮರೆತುಹೋಗಿತ್ತು. ಫ್ರೆಂಚ್ ವಿದ್ವಾಂಸ ಜಾರ್ಜ್ ಸೆದೆಸ್ 1918ರಲ್ಲಿ ಶಾಸನಗಳನ್ನೂ ಚೀನೀ ಬರಹಗಳನ್ನೂ ಹೋಲಿಸಿ ಅದನ್ನು ಗುರುತಿಸಿದರು. 1920ರಲ್ಲಿ ಅಲ್ಲಿ ದೊರೆತ ಕೆಡುಕನ್ ಬುಕಿತ್ ಶಾಸನವು ಹಳೆಯ ಮಲಯ ಭಾಷೆಯಲ್ಲಿದ್ದರೂ ಲಿಪಿ ದಕ್ಷಿಣ ಭಾರತದ್ದು, ಕಾಲಗಣನೆ ನಮ್ಮದೇ ಶಕವರ್ಷ. ಅದರಲ್ಲಿರುವ ವರ್ಷ ಶಕ 604, ಅಂದರೆ ಕ್ರಿ.ಶ. 682. ಆ ಹೊತ್ತಿಗೆ ಇತ್ಸಿಂಗನು ಭಾರತದಲ್ಲಿದ್ದನು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇತ್ಸಿಂಗನು ಶ್ರೀವಿಜಯದಿಂದ ನೇರವಾಗಿ ಭಾರತಕ್ಕೆ ಹೊರಡಲಿಲ್ಲ. ಅಲ್ಲಿ ಆರು ತಿಂಗಳು ನಿಂತನು. ಆ ಆರು ತಿಂಗಳಲ್ಲಿ ಅವನು ಮಾಡಿದ ಕೆಲಸ ಶಬ್ದವಿದ್ಯೆಯನ್ನು, ಅಂದರೆ ಸಂಸ್ಕೃತ ವ್ಯಾಕರಣವನ್ನು ಕಲಿಯುವುದು. ಜೊತೆಗೆ ಬಂದಿದ್ದ ಶಾನ್‌ಶಿಂಗ್ ಅಲ್ಲಿಯೇ ಕಾಯಿಲೆ ಬಿದ್ದು ಸ್ವದೇಶಕ್ಕೆ ಹಿಂತಿರುಗಿದನು. ಒಬ್ಬಂಟಿಯಾದ ಇತ್ಸಿಂಗನು ಶ್ರೀವಿಜಯದ ಅರಸನ ನೆರವಿನಿಂದ ಮಲಯು, ಕೆಡಾ ಎಂಬ ಸ್ಥಳಗಳಲ್ಲಿ ತಂಗಿ, ನಿಕೋಬಾರ್ ದ್ವೀಪಗಳ ಪಕ್ಕದಲ್ಲಿ ಹಾದು, 673ರ ಆರಂಭದಲ್ಲಿ ಬಂಗಾಳದ ತಾಮ್ರಲಿಪ್ತಿಯಲ್ಲಿ ಇಳಿದನು. ಅದು ಇಂದಿನ ತಾಮ್ಲುಕ್. ಅಲ್ಲಿಂದಲೂ ಅವನು ನಾಲಂದಕ್ಕೆ ಓಡಲಿಲ್ಲ. ಹ್ಯೂಯೆನ್‌ತ್ಸಾಂಗನ ಶಿಷ್ಯನಾಗಿದ್ದು ಬಹುಕಾಲದಿಂದ ಅಲ್ಲಿ ನೆಲೆಸಿದ್ದ ಮಹಾಯಾನಪ್ರದೀಪನೆಂಬ ಚೀನೀ ಭಿಕ್ಷುವಿನ ಜೊತೆ ಒಂದು ವರ್ಷವಿದ್ದು ಮತ್ತೆ ಸಂಸ್ಕೃತವನ್ನೇ ಅಭ್ಯಾಸ ಮಾಡಿದನು. ಜಗತ್ಪ್ರಸಿದ್ಧ ವಿದ್ಯಾಪೀಠವು ಕೆಲವು ವಾರಗಳ ನಡಿಗೆಯ ದೂರದಲ್ಲಿರುವಾಗ, ಹದಿನೆಂಟನೆಯ ವಯಸ್ಸಿನಿಂದ ಅದಕ್ಕಾಗಿ ಹಂಬಲಿಸಿದವನು ಹೊಸಿಲ ಬಳಿ ಒಂದು ವರ್ಷ ಕುಳಿತು ಧಾತುರೂಪ ಉರುಹೊಡೆದ ಎಂಬುದನ್ನು ಯೋಚಿಸಿ ನೋಡಿ.

ಮುಂದೆ ತನ್ನ ದೇಶದವರಿಗಾಗಿ ಗ್ರಂಥ ಬರೆದಾಗ ಇದನ್ನೇ ಅವನು ಉಪದೇಶವಾಗಿ ಹೇಳಿದನು. ಶ್ರೀವಿಜಯದಲ್ಲಿ ಸಾವಿರಕ್ಕೂ ಹೆಚ್ಚು ಭಿಕ್ಷುಗಳಿದ್ದಾರೆ, ಅವರ ಪಾಠಕ್ರಮವೂ ಆಚಾರವೂ ಮಧ್ಯದೇಶದವರಂತೆಯೇ ಇವೆ, ಆದುದರಿಂದ ಭಾರತಕ್ಕೆ ಹೋಗಿ ಪಾಠ ಕೇಳಬಯಸುವವನು ಮೊದಲು ಇಲ್ಲಿ ಒಂದೆರಡು ವರ್ಷವಿದ್ದು ನಿಯಮಗಳನ್ನು ರೂಢಿಸಿಕೊಂಡು ಆಮೇಲೆ ಮುಂದುವರಿಯುವುದು ಒಳ್ಳೆಯದು ಎಂಬುದು ಅದರ ಸಾರ. ತಾನು ಅಲ್ಲಿ ಇದ್ದದ್ದು ಆರೇ ತಿಂಗಳು, ಇತರರಿಗೆ ಹೇಳಿದ್ದು ಒಂದೆರಡು ವರ್ಷ! ತನ್ನ ತಯಾರಿ ಸಾಲದಾಗಿತ್ತೆಂಬುದನ್ನು ಅವನು ಅನುಭವದಿಂದ ತಿಳಿದಿರಬೇಕು.

ವ್ಯಾಕರಣದ ಪಾಠಕ್ರಮವನ್ನೂ ಅವನು ಒಬ್ಬ ಒಳ್ಳೆಯ ಉಪಾಧ್ಯಾಯನಂತೆ ವಿವರಿಸಿದ್ದಾನೆ. ಭಾರತದ ಮಕ್ಕಳು ಆರನೆಯ ವಯಸ್ಸಿನಲ್ಲಿ ಅಕ್ಷರಮಾಲೆಯನ್ನು ಆರಂಭಿಸಿ ಆರು ತಿಂಗಳಲ್ಲಿ ಮುಗಿಸುತ್ತಾರೆ. ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳನ್ನು ಹಿಡಿದು ಎಂಟು ತಿಂಗಳಲ್ಲಿ ಕಂಠಪಾಠ ಮಾಡುತ್ತಾರೆ. ಹದಿನೈದನೆಯ ವಯಸ್ಸಿನಲ್ಲಿ ಸೂತ್ರಗಳ ವೃತ್ತಿಯನ್ನು ಆರಂಭಿಸಿ ಐದು ವರ್ಷಗಳಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಇದಿಷ್ಟನ್ನು ಹೇಳಿ, ಚೀನದಿಂದ ಓದಲು ಬರುವವರು ಮೊದಲು ಈ ವೃತ್ತಿಯನ್ನು ಕಲಿಯಬೇಕು, ಬೇರೆ ವಿಷಯಗಳೆಲ್ಲ ಆಮೇಲೆ, ಇಲ್ಲವಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂದು ಎಚ್ಚರಿಸಿದ್ದಾನೆ.

ಈ ಎಚ್ಚರಿಕೆಯನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅದರ ಕಾರಣವನ್ನು ಹೇಳಬೇಕು.

ಅನೇಕ ವರ್ಷಗಳ ಹಿಂದೆ ನನ್ನ ಒಬ್ಬ ಹಳೆಯ ವಿದ್ಯಾರ್ಥಿಗೆ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಬಂತು. ಗಣಿತದಲ್ಲಿ ಅಸಾಧಾರಣ ಬುದ್ಧಿವಂತ. ಹಳ್ಳಿಯವನು, ಕನ್ನಡ ಮಾಧ್ಯಮದಲ್ಲಿ ಓದಿದವನು. ಅರ್ಜಿಯೊಂದಿಗೆ ಹಿಂದಿನ ಗುರುಗಳೊಬ್ಬರ ಶಿಫಾರಸು ಪತ್ರವೂ ಬೇಕಿತ್ತು. ಅದರಲ್ಲಿ ಅಭ್ಯರ್ಥಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಸಾಮರ್ಥ್ಯ ಎಷ್ಟಿದೆ ಎಂಬ ಪ್ರಶ್ನೆಯಿತ್ತು. ಅವನಿಗೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬರುತ್ತಿತ್ತು, ನಾಲ್ಕು ಜನರ ನಡುವೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ "ನಿರರ್ಗಳವಾಗಿ ಮಾತನಾಡಬಲ್ಲನು" ಎಂದು ಬರೆದು ಸಹಿ ಹಾಕಿದೆ. ಅವಕಾಶ ತಪ್ಪಬಾರದು, ಅಲ್ಲಿಗೆ ಹೋದರೆ ತಾನಾಗಿಯೇ ಬರುತ್ತದೆ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಹೊರಡುವ ಮೊದಲು ಅವನಿಗೆ ನಾಲ್ಕು ತಿಂಗಳ ಕಾಲಾವಕಾಶವಿತ್ತು. ಆ ನಾಲ್ಕು ತಿಂಗಳು ನಾವಿಬ್ಬರೂ ಕಾಗದಪತ್ರಗಳ ಹಿಂದೆ ಓಡಾಡಿದೆವು. ಪ್ರತಿದಿನ ಒಂದು ಗಂಟೆ ನನ್ನ ಮನೆಯ ಜಗುಲಿಯಲ್ಲಿ ಅವನನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಮಾತನಾಡಿಸಿದ್ದರೆ ಸಾಕಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ.

ಐದು ತಿಂಗಳಿಗೆ ಅವನು ಹಿಂತಿರುಗಿದನು. ಊರಿನಲ್ಲಿ ಬಗೆಬಗೆಯ ಮಾತುಗಳಾದವು. ಬಹಳ ವರ್ಷ ಅವನು ನನ್ನನ್ನು ನೋಡಲು ಬರಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ. ಆಮೇಲೆ ಒಂದು ದಿನ ಬಂದಾಗ ನಾನೇ ಆ ಪತ್ರದ ಮಾತನ್ನು ಎತ್ತಿದೆ. ಅವನು ಹೇಳಿದ ಮಾತು ಇದು: "ಪಾಠ ಕಷ್ಟ ಇರಲಿಲ್ಲ ಮೇಷ್ಟ್ರೇ. ಅರ್ಥ ಆಗದೇ ಇದ್ದಾಗ ಎದ್ದು ನಿಂತು ಕೇಳೋಕೆ ಆಗ್ತಿರಲಿಲ್ಲ. ನಂಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಅವರು ತಿಳ್ಕೊಂಡಿದ್ರು, ಹಾಗಾಗಿ ಬರಲ್ಲ ಅಂತ ಹೇಳೋಕೂ ನಾಚಿಕೆ ಆಯ್ತು."

ಅವರು ಹಾಗೆ ತಿಳಿದುಕೊಂಡದ್ದು ನನ್ನ ಪತ್ರವನ್ನು ಓದಿ. ಪ್ರೀತಿಯಿಂದ ಬರೆದ ಒಂದು ಸುಳ್ಳು ಆ ಹುಡುಗನ ಬಾಯಿಗೆ ಬೀಗ ಹಾಕಿತು. ಅವನು ಇಲ್ಲಿಯೇ ಓದಿ, ಒಳ್ಳೆಯ ಕೆಲಸ ಮಾಡಿ, ಸುಖವಾಗಿದ್ದಾನೆ. ಈ ಪುಟಗಳನ್ನೂ ಓದುತ್ತಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆದಿದ್ದೇನೆ. "ಬರೀರಿ ಮೇಷ್ಟ್ರೇ, ಯಾರಿಗಾದ್ರೂ ಉಪಯೋಗ ಆಗ್ಲಿ" ಎಂದನು. ಆದರೂ ನನ್ನ ತಪ್ಪು ತಪ್ಪೇ.

ಶ್ರೀವಿಜಯದ ಮಹತ್ವ ನನಗೆ ತಿಳಿದದ್ದು ಇಲ್ಲಿ. ಅಲ್ಲಿ ವ್ಯಾಕರಣವನ್ನು ಮಾತ್ರ ಕಲಿಸುತ್ತಿರಲಿಲ್ಲ. ನಾಲಂದದಲ್ಲಿ ತಪ್ಪಿದರೆ ನಾಚಿಕೆಯಾಗುವ ಜಾಗ, ಶ್ರೀವಿಜಯದಲ್ಲಿ ಎಲ್ಲರೂ ಕಲಿಯುವವರೇ, ತಪ್ಪು ಮಾಡಿದರೂ ನಗುವವರಿಲ್ಲ. ಇತ್ಸಿಂಗನ ಗ್ರಂಥದ ನಲವತ್ತು ಅಧ್ಯಾಯಗಳಲ್ಲಿ ಬಹುಪಾಲು ದಿನನಿತ್ಯದ ಸಣ್ಣ ವಿಷಯಗಳೇ. ಊಟಕ್ಕೆ ಮೊದಲು ಕೈಕಾಲು ತೊಳೆಯುವುದು, ಎಂಜಲು ಮತ್ತು ಶುದ್ಧದ ಭೇದ, ಹಲ್ಲುಜ್ಜುವ ಕಡ್ಡಿ, ಕುಡಿಯುವ ನೀರನ್ನು ಶೋಧಿಸುವ ಬಟ್ಟೆ, ಹಿರಿಯರನ್ನು ಕಂಡಾಗ ನಮಸ್ಕರಿಸುವ ಕ್ರಮ. ಎಂಜಲಿನ ವಿಚಾರವನ್ನು ನಮ್ಮ ಮನೆಯ ಮಕ್ಕಳಿಗೆ ಯಾರೂ ಪುಸ್ತಕದಿಂದ ಹೇಳಿಕೊಡುವುದಿಲ್ಲ. ಹೊರಗಿನಿಂದ ಬಂದವನಿಗೆ ಅದೊಂದು ಶಾಸ್ತ್ರ. ಯಾವ ದೇಶಕ್ಕೆ ಹೋದರೂ ಹೀಗೆಯೇ. ಆ ನಾಡಿನವರು ಹೇಳದೆಯೇ ತಿಳಿದಿರುವುದನ್ನು ನಾವು ಕೇಳಿ ತಿಳಿಯಬೇಕಾಗುತ್ತದೆ.

ತಯಾರಿ ಇದ್ದವನಿಗೂ ಕಷ್ಟ ತಪ್ಪಲಿಲ್ಲ. ತಾಮ್ರಲಿಪ್ತಿಯಿಂದ ವರ್ತಕರ ತಂಡದ ಜೊತೆ ನಾಲಂದಕ್ಕೆ ಹೊರಟಾಗ ಇತ್ಸಿಂಗನಿಗೆ ಕಾಯಿಲೆ ಬಂತು. ನಡೆಯಲಾರದೆ ಹಿಂದೆ ಬಿದ್ದನು. ಬೆಟ್ಟದ ದಾರಿಯಲ್ಲಿ ಒಬ್ಬನೇ ಇದ್ದಾಗ ಕಳ್ಳರು ಮುತ್ತಿ ಉಟ್ಟ ಬಟ್ಟೆಯನ್ನೂ ಕಿತ್ತುಕೊಂಡರು. ಬಿಳಿಯ ಮೈಬಣ್ಣದವರನ್ನು ಬಲಿ ಕೊಡುತ್ತಾರೆಂಬ ವದಂತಿಯನ್ನು ಕೇಳಿದ್ದ ಅವನು ಕೆಸರಿನ ಹೊಂಡಕ್ಕಿಳಿದು ಮೈಗೆಲ್ಲ ಕೆಸರು ಬಳಿದುಕೊಂಡು, ಎಲೆಗಳಿಂದ ಮೈ ಮುಚ್ಚಿಕೊಂಡು, ಕೋಲೂರಿ ನಿಧಾನವಾಗಿ ನಡೆದನು. ರಾತ್ರಿಯಾದ ಮೇಲೆ ಒಂದು ಹಳ್ಳಿಯ ಬಳಿ ಬಂದಾಗ ಮಹಾಯಾನಪ್ರದೀಪನು ಅವನಿಗಾಗಿ ಕೂಗುತ್ತಿದ್ದ ದನಿ ಕೇಳಿಸಿತು. ಆತ ಬಟ್ಟೆ ಕೊಟ್ಟನು. ಇತ್ಸಿಂಗ್ ಕೊಳದಲ್ಲಿ ಮೈ ತೊಳೆದುಕೊಂಡು ಹಳ್ಳಿಯನ್ನು ಹೊಕ್ಕನು. ತಾಮ್ರಲಿಪ್ತಿಯಲ್ಲಿ ಕಳೆದ ಒಂದು ವರ್ಷ ಅವನಿಗೆ ಸಂಸ್ಕೃತದ ಜೊತೆಗೆ, ಕತ್ತಲಲ್ಲಿ ನಿಂತು ಹೆಸರು ಹಿಡಿದು ಕೂಗುವ ಒಬ್ಬ ಮನುಷ್ಯನನ್ನೂ ಕೊಟ್ಟಿತ್ತು.

ನಾಲಂದದಲ್ಲಿ ಅವನು ಸುಮಾರು ಹತ್ತು ವರ್ಷ ಓದಿದನು. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಿವಾಸಿಗಳಿದ್ದರು, ಎಂಟು ಶಾಲೆಗಳೂ ಮುನ್ನೂರು ಕೊಠಡಿಗಳೂ ಇದ್ದವು, ಇನ್ನೂರಕ್ಕೂ ಹೆಚ್ಚು ಗ್ರಾಮಗಳ ಉತ್ಪತ್ತಿಯಿಂದ ಅದು ನಡೆಯುತ್ತಿತ್ತು, ನೀರಿನ ಗಡಿಯಾರದಿಂದ ಹೊತ್ತನ್ನು ಅಳೆಯುತ್ತಿದ್ದರು ಎಂದು ಬರೆದಿದ್ದಾನೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಿದ್ದ ಈ ಅಂಕಿಗಳಲ್ಲಿ ಬಹಳಷ್ಟು ಅವನು ಕಂಡು ಬರೆದಿಟ್ಟವು.

685ರ ಸುಮಾರಿಗೆ ನಾನೂರರಷ್ಟು ಗ್ರಂಥಗಳನ್ನು ಸಂಗ್ರಹಿಸಿಕೊಂಡು ಅವನು ಹಿಂದೆ ಹೊರಟನು. ಆದರೆ ಸ್ವದೇಶಕ್ಕಲ್ಲ, ಮತ್ತೆ ಶ್ರೀವಿಜಯಕ್ಕೆ. ಅಲ್ಲಿ ಕುಳಿತು ಅನುವಾದ ಮಾಡುವುದು ಅವನ ಯೋಜನೆ. ಆಗ ಒಂದು ಕೊರತೆ ಎದುರಾಯಿತು. ಬರೆಯಲು ಕಾಗದವೂ ಮಸಿಯೂ ಸಾಲದು! 689ರಲ್ಲಿ, ಕಾಗದ, ಮಸಿ ಮತ್ತು ಲಿಪಿಕಾರರ ವೆಚ್ಚವನ್ನು ಕಳುಹಿಸಿರೆಂದು ಗುವಾಂಗ್‌ಝೌಗೆ ಒಂದು ಪತ್ರ ಬರೆದು, ಅದನ್ನು ಕೊಡಲು ನದೀಮುಖದಲ್ಲಿ ನಿಂತಿದ್ದ ಹಡಗನ್ನು ಹತ್ತಿದನು. ಅಷ್ಟರಲ್ಲಿ ಅನುಕೂಲವಾದ ಗಾಳಿ ಬೀಸಿತು, ವರ್ತಕರು ಹಾಯಿ ಏರಿಸಿಬಿಟ್ಟರು. ಇತ್ಸಿಂಗನು ತನ್ನ ಪತ್ರದ ಜೊತೆಯಲ್ಲಿ ತಾನೂ ಚೀನಕ್ಕೆ ಹೋಗಿ ತಲುಪಿದನು! ಗ್ರಂಥಗಳೆಲ್ಲ ಶ್ರೀವಿಜಯದಲ್ಲಿಯೇ ಉಳಿದವು. ಹದಿನೆಂಟು ವರ್ಷಗಳ ನಂತರ ಬರಿಗೈಯಲ್ಲಿ ತಾಯ್ನೆಲದ ಮೇಲೆ ನಿಂತವನಿಗೆ ಏನನ್ನಿಸಿತೋ! ಆದರೆ ಅವನು ಅಲ್ಲಿ ಉಳಿಯಲಿಲ್ಲ. ನಾಲ್ವರು ಸಹಾಯಕರನ್ನು ಕೂಡಿಸಿಕೊಂಡು, ಅದೇ ವರ್ಷದ ಚಳಿಗಾಲದಲ್ಲಿ ಮತ್ತೆ ಶ್ರೀವಿಜಯದ ಹಡಗು ಹತ್ತಿದನು. ಕೊನೆಗೆ 695ರಲ್ಲಿ ಲುವೊಯಾಂಗ್ ನಗರಕ್ಕೆ ಗ್ರಂಥಗಳೊಂದಿಗೆ ಮರಳಿದಾಗ ಸಾಮ್ರಾಜ್ಞಿ ವು ತಾನೇ ನಗರದ್ವಾರದ ಹೊರಗೆ ಬಂದು ಎದುರುಗೊಂಡಳು. 713ರಲ್ಲಿ ತೀರಿಕೊಳ್ಳುವವರೆಗೆ ಅವನು 56 ಗ್ರಂಥಗಳನ್ನು ಚೀನೀ ಭಾಷೆಗೆ ತಂದನು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ತನ್ನ ಕಾಲದಲ್ಲಿ ಭಾರತಕ್ಕೆ ಹೊರಟ 56 ಮಂದಿ ಭಿಕ್ಷುಗಳ ಚರಿತ್ರೆಯನ್ನು ಇತ್ಸಿಂಗ್ ಪ್ರತ್ಯೇಕವಾಗಿ ಬರೆದಿಟ್ಟಿದ್ದಾನೆ. ಚೀನದವರಲ್ಲದೆ ಕೊರಿಯದವರೂ ಅದರಲ್ಲಿದ್ದಾರೆ. ಆರ್ಯವರ್ಮನೆಂಬ ಹೆಸರು ಪಡೆದ ಕೊರಿಯದ ಭಿಕ್ಷು ಊರಿಗೆ ಮರಳುವ ಆಸೆ ಈಡೇರದೆ ನಾಲಂದದಲ್ಲಿಯೇ ಪ್ರಾಣ ಬಿಟ್ಟನು. ಚಾಂಗ್‌ಮಿನ್ ಎಂಬಾತನ ಹಡಗು ಭಾರ ಹೆಚ್ಚಾಗಿ ಮುಳುಗತೊಡಗಿದಾಗ, ನಾವಿಕನು ಕರೆದರೂ ಸಣ್ಣ ದೋಣಿಯನ್ನು ಹತ್ತದೆ ಬೇರೆಯವರಿಗೆ ಜಾಗ ಬಿಟ್ಟು ಪ್ರಾರ್ಥಿಸುತ್ತ ಮುಳುಗಿದನು. ಇವರ ಹೆಸರುಗಳು ಅಳಿಯಬಾರದೆಂದೇ ಇತ್ಸಿಂಗ್ ಆ ಪುಸ್ತಕವನ್ನು ಬರೆದನು. ಹಿಂತಿರುಗಲಾಗದವರೂ ವಿದ್ಯಾರ್ಥಿಗಳೇ ಎಂದು ಅವನು ಒಪ್ಪಿದ್ದನು. ನಮ್ಮ ಊರಿಗೆ ಆ ದೊಡ್ಡ ಮನಸ್ಸು ಇರಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ದೂರು ಇದೆ. ಭಾರತದಲ್ಲಿ ಚೀನದವರಿಗೆಂದು ಒಂದು ವಸತಿ ಇಲ್ಲ, ಅಲೆದಾಡುವ ಅತಿಥಿಗಳಾಗಿಯೇ ಇರಬೇಕು ಎಂದು. ಹಿಂದೆ ಶ್ರೀಗುಪ್ತನೆಂಬ ಅರಸನು ಚೀನೀ ಭಿಕ್ಷುಗಳಿಗಾಗಿ ಕಟ್ಟಿಸಿ ಗ್ರಾಮಗಳನ್ನು ದತ್ತಿ ಬಿಟ್ಟಿದ್ದ ವಿಹಾರದ ಅಡಿಪಾಯದ ಇಟ್ಟಿಗೆಗಳು ಮಾತ್ರ ಅವನ ಕಾಲದಲ್ಲಿ ಉಳಿದಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲ್ ಸಮಸ್ಯೆ. ಇತ್ಸಿಂಗನ ನಂತರ, ಒಂಬತ್ತನೆಯ ಶತಮಾನದಲ್ಲಿ, ಸುವರ್ಣದ್ವೀಪದ ಎಂದರೆ ಸುಮಾತ್ರಾದ ಅರಸ ಬಾಲಪುತ್ರದೇವನು ನಾಲಂದದಲ್ಲಿ ಒಂದು ವಿಹಾರ ಕಟ್ಟಿಸಿದನು. ಅವನ ಕೋರಿಕೆಯಂತೆ ಪಾಲ ದೊರೆ ದೇವಪಾಲನು ಅದರ ನಿರ್ವಹಣೆಗೆ ಐದು ಗ್ರಾಮಗಳನ್ನು ಕೊಟ್ಟ ತಾಮ್ರಶಾಸನ ನಾಲಂದದಲ್ಲೇ ಸಿಕ್ಕಿದೆ. ಒಂದು ದೇಶ ಕಟ್ಟಡ ಕೊಟ್ಟಿತು, ಇನ್ನೊಂದು ಖರ್ಚನ್ನು ವಹಿಸಿಕೊಂಡಿತು. ಹನ್ನೊಂದನೆಯ ಶತಮಾನದಲ್ಲಿ ದಾರಿ ತಿರುಗಿಯೂ ಬಂತು. ಬಂಗಾಳದ ಅತೀಶ ದೀಪಂಕರನು ಸುವರ್ಣದ್ವೀಪಕ್ಕೆ ಹೋಗಿ ಅಲ್ಲಿನ ಧರ್ಮಕೀರ್ತಿಯೆಂಬ ಗುರುವಿನ ಬಳಿ ಹನ್ನೆರಡು ವರ್ಷ ಕಲಿತು ಬಂದನು. ಭಾರತಕ್ಕೆ ಹೋಗುವವರು ತಯಾರಾಗುತ್ತಿದ್ದ ಊರೇ ಭಾರತದ ಪಂಡಿತನಿಗೆ ವಿದ್ಯಾಪೀಠವಾಯಿತು. ವಿನಿಮಯವೆಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಾಗದಪತ್ರದ ತಯಾರಿ ಬೇಡವೆಂದು ನಾನು ಹೇಳುತ್ತಿಲ್ಲ. ಇಟಲಿಯ ಸೋಫಿಯಾ ಕೊರಾಡಿ ಎಂಬಾಕೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1958ರಲ್ಲಿ ಮರಳಿದಾಗ, ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕಿಲ್ಲವೆಂದು ರೋಮಿನಲ್ಲಿ ಹೇಳಿಬಿಟ್ಟರು. ಆ ಅವಮಾನವನ್ನು ಮರೆಯದ ಆಕೆ ಮೂರು ದಶಕಗಳಷ್ಟು ಕಾಲ ಪ್ರಯತ್ನಿಸಿದರು. ಅದರ ಫಲವಾಗಿ 1987ರಲ್ಲಿ ಯೂರೋಪಿನ ಎರಾಸ್ಮಸ್ ವಿನಿಮಯ ಯೋಜನೆ 11 ದೇಶಗಳ ನಡುವೆ ಆರಂಭವಾಯಿತು. ಮೊದಲ ವರ್ಷ ಹೋದವರು 3,244 ವಿದ್ಯಾರ್ಥಿಗಳು. ಆದುದರಿಂದ ಅಲ್ಲಿ ಓದುವ ವಿಷಯಗಳಿಗೆ ಇಲ್ಲಿ ಮಾನ್ಯತೆ ಸಿಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಲೇಬೇಕು. ಆದರೆ ಆ ಕಾಗದ ನಮ್ಮ ಪರವಾಗಿ ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ.

ಆ ಹುಡುಗಿಗೆ ಮರುದಿನ ಫೋನ್ ಮಾಡಿದೆ. ಹೊರಡಲು ಇನ್ನೂ ಹತ್ತು ವಾರಗಳಿವೆಯಂತೆ. ಇತ್ಸಿಂಗನ ಕಥೆಯನ್ನೂ, ನನ್ನ ಪತ್ರದ ಕಥೆಯನ್ನೂ ಹೇಳಿದೆ. ಹತ್ತು ವಾರದಲ್ಲಿ ಜರ್ಮನ್ ಪೂರ್ತಿ ಬರುವುದಿಲ್ಲ ನಿಜ, ಆದರೆ "ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ" ಎಂಬ ಒಂದು ವಾಕ್ಯವನ್ನು ನಾಚಿಕೆಯಿಲ್ಲದೆ ಹೇಳುವುದನ್ನು ಕಲಿಯಬಹುದು, ಅದನ್ನು ಜರ್ಮನ್‌ನಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಕಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಗ್ಲಿಷ್‌ನಲ್ಲೂ ನಾನು ಕ್ಲಾಸಲ್ಲಿ ಯಾವತ್ತೂ ಹಾಗೆ ಕೇಳಿಲ್ಲ ತಾತ" ಎಂದಳು.

ಈಗ ಪ್ರತಿದಿನ ಸಂಜೆ ಆರು ಗಂಟೆಗೆ ಫೋನ್ ಮಾಡುತ್ತಾಳೆ. ಜರ್ಮನ್ ನನಗೂ ಬಾರದು. ಆಕೆ ಅಂದು ಕಲಿತ ಪಾಠವನ್ನು ನನಗೆ ಹೇಳಿಕೊಡಬೇಕು, ನಾನು ಅರ್ಥವಾಗಲಿಲ್ಲ ಎಂದು ಕೇಳಬೇಕು. ಆಮೇಲೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತು, ಆಗ ಕೇಳುವ ಸರದಿ ಅವಳದು. ಹಿಂದೆ ಜಗುಲಿಯ ಮೇಲೆ ನಡೆಯಬೇಕಾಗಿದ್ದ ಪಾಠವಿದು. ಬಹಳ ತಡವಾಗಿ, ಬೇರೆಯವರ ಮಗುವಿನೊಂದಿಗೆ ನಡೆಯುತ್ತಿದೆ. ನಿಮ್ಮ ಮನೆಯಿಂದ ಯಾರಾದರೂ ಓದಲು ಹೊರಟಿದ್ದರೆ, ಸಾರಿನ ಪುಡಿ ಹುರಿಯುವ ಮೊದಲು ಅವರಿಗಾಗಿ ದಿನಕ್ಕೊಂದು ಗಂಟೆ ಎತ್ತಿಡಿ.